ಭುಜದ ಮೇಲಿನ ಕೈ

“ಈ ಕೈ ತಗಿ,” ಎಂದಳು ಲಗಮವ್ವ.

ಕಂಪ್ಯೂಟರಿನ ಪರದೆಯ ಮೇಲೆ ಅವಳ ಹಿರಿಯ ಮಗ ಧರ್ಮರಾಜ ನಗುತ್ತಿದ್ದ. ಅವನು ಸತ್ತು ಹನ್ನೊಂದು ತಿಂಗಳಾಗಿತ್ತು. ಫೋಟೋದಲ್ಲಿ ಅವನ ಭುಜದ ಮೇಲೆ ಒಂದು ಕೈ ಇತ್ತು. ನಾಲ್ಕು ಬೆರಳಷ್ಟೇ ಕಾಣುತ್ತಿದ್ದವು, ಉಗುರಿನ ಸಂದಿಯಲ್ಲೆಲ್ಲ ಹಸಿರು ಬಣ್ಣ. ಆ ಕೈಯ ಒಡತಿ, ಧರ್ಮರಾಜನ ಹೆಂಡತಿ ರೇಷ್ಮಾ, ಈಗ ಅದೇ ಕೈಯಲ್ಲಿ ಮೌಸ್ ಹಿಡಿದು ಕೂತಿದ್ದಳು.

“ಕೈ ತಗದ್ರ ಭುಜಾನೂ ಹೋಗ್ತೈತಿ ಅತ್ತಿ. ಅದರ ಕೆಳಗ ಏನೈತಿ ಅನ್ನೂದು ಫೋಟೋದಾಗ ಇಲ್ಲ.”

“ಏನಿರ್ತೈತಿ? ಅಂಗಿ ಇರ್ತೈತಿ. ನನ್ನ ಮಗನ ಭುಜ ಇರ್ತೈತಿ.”

“ಅದನ್ನ ಹೊಸದಾಗಿ ಕೂಡಿಸಬೇಕು.”

“ಕೂಡಸು. ಕಲತೀಯಲ್ಲ. ಸತ್ತವರ ಫೋಟೋದಾಗ ಜೀವ ಇದ್ದವ್ರು ಇರಬಾರದವಾ. ಆಯುಷ್ಯಕ್ಕ ಛಲೋ ಅಲ್ಲ. ನಿನ್ನ ಸಲುವಾಗೇ ಹೇಳಾಕತ್ತೇನಿ.”

‘ನಿನ್ನ ಸಲುವಾಗಿ’ ಎಂಬ ಮಾತು ಆ ಮನೆಯಲ್ಲಿ ಹನ್ನೊಂದು ತಿಂಗಳಿಂದ ಚಾಲ್ತಿಗೆ ಬಂದಿತ್ತು. ರೇಷ್ಮಾಳಿಂದ ಏನಾದರೂ ತೆಗೆದುಕೊಳ್ಳುವುದಿದ್ದರೆ ಮೊದಲು ಈ ಮಾತು ಬರುತ್ತಿತ್ತು, ವಸ್ತು ಆಮೇಲೆ ಹೋಗುತ್ತಿತ್ತು. ಒಬ್ಬಳೇ ಮಲಗಿದರೆ ಅಂಜಿಕೆ ಎಂದು ಮಂಚವಿದ್ದ ಕೋಣೆ ಮೈದುನ ಯುವರಾಜನಿಗೆ ಹೋಯಿತು. ತಾಯಿ ಮಗಳು ಚಾಪೆ ಸುತ್ತಿಕೊಂಡು ಅಡುಗೆಮನೆಯ ಪಕ್ಕಕ್ಕೆ ಬಂದರು. ಬ್ಯಾಂಕಿಗೆ ಅಲೆಯುವುದು ತಪ್ಪಲಿ ಎಂದು ಅಂಗಡಿಯ ಮೇಜಿನ ಮೇಲಿದ್ದ ಕ್ಯೂಆರ್ ಚೀಟಿಯ ಮೇಲೆ ಯುವರಾಜನ ಚೀಟಿ ಅಂಟಿತು. ಈಗ ಗಿರಾಕಿ ದುಡ್ಡು ಹಾಕಿದರೆ ಟಿಣ್ ಅನ್ನುವುದು ಅವನ ಜೇಬಿನಲ್ಲಿ. ಇಷ್ಟೆಲ್ಲ ಮಾಡಿದ್ದು ರೇಷ್ಮಾಳ ಸಲುವಾಗಿ, ಅವಳಿಗೆ ಒಂದು ಮಾತು ಕೇಳದೆ.

ಮನೆ ಇರುವುದು ಬನಹಟ್ಟಿಯಲ್ಲಿ. ಓಣಿಯ ತುಂಬ ಪಾವರ್‌ಲೂಮಿನ ಸದ್ದು. ಈ ಮನೆಯವರು ಮಾತ್ರ ನೇಯ್ದವರಲ್ಲ, ನೌಕರಿ ಮಾಡಿದವರು. ಮಾವ ಪರಸಪ್ಪ ನಗರಸಭೆಯ ನೀರಿನ ವಿಭಾಗದಲ್ಲಿದ್ದು ನಿವೃತ್ತನಾದವನು. ಯುವರಾಜ ಒಂದು ಸೌಹಾರ್ದ ಸಂಘಕ್ಕಾಗಿ ಅಂಗಡಿ ಅಂಗಡಿ ತಿರುಗಿ ದಿನದ ಪಿಗ್ಮಿ ಹಣ ಕೂಡಿಸುವವನು. ಧರ್ಮರಾಜನೊಬ್ಬ ನೌಕರಿಗೆ ಕಾಯದೆ, ಮನೆಯ ಮುಂದಿನ ಕೋಣೆಯಲ್ಲಿ ‘ಧರ್ಮಾ ಪ್ರಿಂಟ್ಸ್’ ಎಂದು ಬೋರ್ಡು ಹಾಕಿ ಟಿ-ಶರ್ಟಿಗೆ ಅಚ್ಚು ಹಾಕುವ ಅಂಗಡಿ ಇಟ್ಟ. ಶಾಲೆಯ ಗ್ಯಾದರಿಂಗು, ಗಣಪತಿ ಮಂಡಳಿ, ಪಾದಯಾತ್ರೆ, ಯಾವುದಕ್ಕೂ ಇಲ್ಲ ಅನ್ನುತ್ತಿರಲಿಲ್ಲ.

ಮೊದಲು ಅವನು ಮಾಡುತ್ತಿದ್ದದ್ದು ಸ್ಕ್ರೀನ್ ಪ್ರಿಂಟಿಂಗ್. ಚೌಕಟ್ಟಿಗೆ ಬಿಗಿದ ಜಾಳು ಬಟ್ಟೆಯ ಮೇಲೆ ಚಿತ್ರ ಮೂಡಿಸಿ, ರಬ್ಬರ್ ಪಟ್ಟಿಯಿಂದ ಬಣ್ಣ ಎಳೆಯುವುದು. ಒಂದೊಂದು ಬಣ್ಣಕ್ಕೆ ಒಂದೊಂದು ಚೌಕಟ್ಟು. ಬೀಳಗಿಯಿಂದ ಸೊಸೆಯಾಗಿ ಬಂದ ರೇಷ್ಮಾ ಮೊದಲೆರಡು ವರ್ಷ ಆ ಚೌಕಟ್ಟು ತೊಳೆದಳು. ಆಮೇಲೆ ಜಮಖಂಡಿಗೆ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಕಲಿತು ಆರ್ಟ್‌ವರ್ಕ್ ಹಿಡಿದಳು. ಗಿರಾಕಿಗಳು ತರುವುದು ಎಂಥ ಚಿತ್ರ! ಮದುವೆ ಪತ್ರಿಕೆಯ ಮೂಲೆಯಿಂದ ಹರಿದದ್ದು, ಬೀಡಿ ಸುಟ್ಟ ತೂತಿದ್ದದ್ದು, ಹತ್ತು ಫೋನು ತಿರುಗಿ ಮಸುಕಾದದ್ದು. ಅದನ್ನೆಲ್ಲ ಗೆರೆ ಗೆರೆಯಾಗಿ ಮತ್ತೆ ಬರೆದು, ಬಣ್ಣ ಬೇರ್ಪಡಿಸಿ ಗಂಡನಿಗೆ ಕೊಡುತ್ತಿದ್ದಳು. ತವರಿನವರು ಬಂಗಾರ ಕೊಡುವ ಬದಲು ಹೀಟ್ ಪ್ರೆಸ್ ಕೊಡಿಸಿದರು. ಮೇಲಿನ ಕಾದ ತಟ್ಟೆ ಕೆಳಗಿಳಿದು ಅಂಗಿಯನ್ನು ಒತ್ತುವ ಮಶೀನು ಅದು.

ಅಂಗಡಿ ಕೈ ಹಿಡಿಯಿತು ಅನ್ನುವಾಗಲೇ ಧರ್ಮರಾಜ ಹೋದ. ಕಬ್ಬಿನ ಸೀಜನ್ನು. ಮಹಾಲಿಂಗಪುರದಿಂದ ಬರುವಾಗ, ದಾರಿಯಲ್ಲಿ ಹಿಂದೆ ಕೆಂಪು ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಗಾಡಿ ಹೊಡೆಯಿತು. ರೇಷ್ಮಾ ಹದಿಮೂರನೇ ದಿನಕ್ಕೆ ಅಂಗಡಿಯ ಬಾಗಿಲು ತೆಗೆದಳು. ಶಾಲೆಯೊಂದರ ಆರ್ಡರ್ ಅರ್ಧಕ್ಕೆ ನಿಂತಿತ್ತು.

ಸಂಕ್ರಾಂತಿ ಮುಗಿದ ಮೇಲೆ ಒಂದು ಸಂಜೆ, ಊಟಕ್ಕೆ ಕೂತಾಗ ಯುವರಾಜ ಮಾತು ತೆಗೆದ.

“ಅಣ್ಣನ ವರ್ಷದ ದಿನಕ್ಕ ಕ್ರಿಕೆಟ್ ಟೂರ್ನಮೆಂಟ್ ಇಡೋಣು ಅಪ್ಪಾ. ಧರ್ಮರಾಜ ಸ್ಮರಣಾರ್ಥ ಟ್ರೋಫಿ. ಜಮಖಂಡಿ, ಮುಧೋಳದಿಂದ ಟೀಮ್ ಬರ್ತಾವ. ಎಲ್ಲಾರ ಎದಿಮ್ಯಾಲ ಅಣ್ಣನ ಫೋಟೋ.”

ಪರಸಪ್ಪನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಕಣ್ಣಲ್ಲಿ ನೀರು ಬಂತು. “ಮಾಡಪಾ. ಅವನ ಹೆಸರು ಉಳೀತೈತಿ.”

“ಅಪ್ಪ ಯಾವಾಗ ಕ್ರಿಕೆಟ್ ಆಡ್ಯಾನ?” ಎಂದಳು ಸಂಘಮಿತ್ರಾ. ಧರ್ಮರಾಜನ ಒಬ್ಬಳೇ ಮಗಳು, ಒಂಬತ್ತನೇ ಇಯತ್ತೆ. ನಾಲಿಗೆ ಅಪ್ಪನದು, ನೆಟ್ಟಗೆ.

“ನೀ ರೊಟ್ಟಿ ತಿನ್ನಬೇ,” ಎಂದ ಯುವರಾಜ.

ರೇಷ್ಮಾಳಿಗೆ ಖರೆ ಹೇಳಬೇಕೆಂದರೆ ಸಂತೋಷವೇ ಆಯಿತು. ಊಟದ ಹೊತ್ತಿನಲ್ಲಿ ಗಂಡನ ಹೆಸರು ಕೇಳಿ ಎಷ್ಟು ದಿನವಾಗಿತ್ತು! ಪುಂಡಿಪಲ್ಯದ ಬೋಗುಣಿ ಮುಂದೆ ಸರಿಸುತ್ತಾ ತಾನಾಗಿಯೇ ಕೇಳಿದಳು: “ಸ್ಕ್ರೀನ್ ಮಾಡ್ಲೋ, ಡಿಟಿಎಫ್ ಮಾಡ್ಲೋ?”

“ಎರಡರಾಗ ಫರಕ್ ಏನ?”

“ಸ್ಕ್ರೀನ್ ಆದ್ರ ಒಗದಷ್ಟೂ ತಾಳತೈತಿ. ಆದ್ರ ಮುಖಾ ಹಂಗs ಬರಬೇಕಂದ್ರ ನಾಕು ಬಣ್ಣಕ್ಕ ನಾಕು ಚೌಕಟ್ಟು, ಒಂದರ ಮ್ಯಾಲ ಒಂದು ಕೂದಲೆಳಿ ತಪ್ಪದಂಗ ಕೂಡಬೇಕು. ಅದು ನಿಮ್ಮಣ್ಣನ ಕೈಗಷ್ಟ ಬರತಿತ್ತು. ಡಿಟಿಎಫ್ ಅಂದ್ರ ಜಮಖಂಡ್ಯಾಗ ಫಿಲ್ಮ್ ಹಾಳಿ ಮ್ಯಾಲ ಅಚ್ಚು ಹಾಕಿಸಿ ತರೂದು, ಇಲ್ಲಿ ಮಶೀನಿನ್ಯಾಗ ಅಂಗಿಗೆ ಒತ್ತೂದು, ಪೂರಾ ತಣ್ಣಗಾದ ಮ್ಯಾಲ ಫಿಲ್ಮ್ ಎಳಿಯೂದು.”

“ಲಗೂನ ಆಗೂದು ಮಾಡ್ರಿ ವೈನಿ.”

ಫೋಟೋ ಹುಡುಕುವುದೇ ದೊಡ್ಡ ಕೆಲಸವಾಯಿತು. ಎಲ್ಲರ ಫೋನಿನಲ್ಲೂ ಧರ್ಮರಾಜ ಇದ್ದ, ಆದರೆ ಎಲ್ಲ ವಾಟ್ಸಾಪಿನಲ್ಲಿ ತಿರುಗಿ ಸಣ್ಣಗಾದವು. ಎದೆಯಗಲಕ್ಕೆ ಹಿಗ್ಗಿಸಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ಚೊಕ್ಕಟವಾದದ್ದು ಒಂದೇ, ಹೀಟ್ ಪ್ರೆಸ್ ಬಂದ ದಿನ ಸ್ಟುಡಿಯೋದವನು ದೊಡ್ಡ ಕ್ಯಾಮೆರಾದಲ್ಲಿ ತೆಗೆದದ್ದು. ಆವತ್ತು ರೇಷ್ಮಾ ಹಿತ್ತಲಲ್ಲಿ ಚೌಕಟ್ಟು ತೊಳೆಯುತ್ತಿದ್ದಳು. “ಬಾರಬೇ, ಮಶೀನ್ ನಿಮ್ಮಪ್ಪಂದು, ನೀ ಇಲ್ಲದ ಹ್ಯಾಂಗ?” ಎಂದು ಧರ್ಮರಾಜ ಎಳೆದುಕೊಂಡು ಬಂದ. ಕೈ ಒರೆಸಿಕೊಳ್ಳಲೂ ಬಿಡಲಿಲ್ಲ. ಹಸಿರು ಬೆರಳುಗಳನ್ನು ಅವನ ಭುಜದ ಮೇಲಿಟ್ಟಿದ್ದು ಅವನ ಹೊಸ ಅಂಗಿ ಕೆಡಿಸುವ ಸಿಟ್ಟಿನಿಂದ. ಫೋಟೋದಲ್ಲಿ ಇಬ್ಬರೂ ಅದಕ್ಕೇ ನಗುತ್ತಿದ್ದರು.

ಈಗ ಆ ಫೋಟೋದಿಂದ ಅವಳು ತನ್ನನ್ನು ತಾನೇ ಕತ್ತರಿಸಿ ತೆಗೆಯಬೇಕಿತ್ತು.

ಡಿಟಿಎಫ್‌ಗೆ ಅಂಚು ಗಟ್ಟಿಯಾಗಿರಬೇಕು. ಮಬ್ಬು ನೆರಳು ಉಳಿದರೆ ಅದರ ಕೆಳಗೆ ಬಿಳಿ ಬಣ್ಣ ಬಿದ್ದು, ಅಂಗಿಯ ಮೇಲೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ರೇಷ್ಮಾ ಚುಕ್ಕಿ ಇಡುತ್ತಾ ಕಿವಿ, ಕೂದಲು, ಕಾಲರು ಸುತ್ತಿ ಬಂದಳು. ತನ್ನ ಮುಖ ಹೋಯಿತು, ಸೀರೆ ಹೋಯಿತು, ತೋಳು ಹೋಯಿತು. ಭುಜದ ಹತ್ತಿರ ಬಂದಾಗಲೇ ಹಿಂದೆ ನಿಂತಿದ್ದ ಲಗಮವ್ವ ಆ ಮಾತು ಹೇಳಿದ್ದು.

ಅತ್ತೆ ಹೇಳಿದ್ದು ಸುಳ್ಳೇನೂ ಅಲ್ಲ. ಆ ಕಡೆ ಎಲ್ಲ ಮನೆಗಳಲ್ಲೂ ಹಾಗೇ. ಸತ್ತವರ ಫೋಟೋಕ್ಕೆ ಹಾರ ಹಾಕುವ ಮೊದಲು ಪಕ್ಕದಲ್ಲಿ ನಿಂತವರನ್ನು ತೆಗೆಸುತ್ತಾರೆ. ಅಂಥ ಫೋಟೋಗಳನ್ನು ರೇಷ್ಮಾಳೇ ಎಷ್ಟೋ ಮಂದಿಗೆ ಮಾಡಿಕೊಟ್ಟಿದ್ದಳು. ಸುಮ್ಮನೆ ಇನ್ನೊಂದು ಭುಜವನ್ನು ನಕಲು ತೆಗೆದು, ತಿರುವಿ ಈ ಕಡೆ ಕೂಡಿಸಿದಳು. ಕೈ ಮಾಯವಾಯಿತು. ಎಲ್ಲರೂ ಛಲೋ ಬಂದೈತಿ ಎಂದರು.

ಛಲೋ ಬಂದದ್ದು ಬಹಳ ದಿನ ಹಾಗೆ ಉಳಿಯಲಿಲ್ಲ. ಮೊದಲ ವಾರ ಯುವರಾಜ, “ಕೆಳಗ ‘ಯುವರಾಜ ಗೆಳೆಯರ ಬಳಗ’ ಅಂತ ಹಾಕ್ರಿ” ಎಂದ. ಹಾಕಿದಳು. ಎರಡನೇ ವಾರ ಅವನ ಗೆಳೆಯ ಮುತ್ತಪ್ಪ ಬಂದು, ಬರೇ ಹೆಸರಿದ್ದರೆ ಮಂದಿಗೆ ಗುರುತು ಹತ್ತಂಗಿಲ್ಲ, ಮುಖ ಬೇಕು ಎಂದ. ಒಂದು ಮೂಲೆಯಲ್ಲಿ ಲಿಂಬೆಹಣ್ಣಿನಷ್ಟು ಯುವರಾಜನ ಮುಖ ಬಂತು. ಮೂರನೇ ವಾರ ಲಿಂಬೆಹಣ್ಣು ತೆಂಗಿನಕಾಯಿಯಾಯಿತು. ಯುವರಾಜ ಕೈಮುಗಿದು, ಕೊರಳಲ್ಲಿ ಶಾಲು ಹಾಕಿಕೊಂಡು ಅಣ್ಣನಿಗೆ ಸರಿಸಮ ನಿಂತ. ಅತಿಥಿಗಳ ಟೋಪಿಗೆ ಅಂಟಿಸಲು ಬೇರೆ ಅವನ ಒಂಟಿ ಮುಖಗಳು ಬೇಕಾದವು. ಧರ್ಮರಾಜ ಮೇಲಕ್ಕೆ ಸರಿದು ಕೊರಳಪಟ್ಟಿಯ ಹತ್ತಿರ ಹೋದ. ನಗರಸಭೆ ಚುನಾವಣೆ ಬರಲಿದೆ ಎಂಬ ಸುದ್ದಿ ಊರಿಗೆಲ್ಲ ಗೊತ್ತಿತ್ತು, ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ.

ಆ ಭಾನುವಾರ ತತ್ತಿ ಸಾರು ಮಾಡಿದ್ದರು. ಗಂಡಸರ ತಾಟಿಗೆ ತತ್ತಿ ಬಿದ್ದು, ಸಂಘಮಿತ್ರಾಳಿಗೆ ಅರ್ಧ ಬಿದ್ದು, ರೇಷ್ಮಾಳ ಪಾಲಿಗೆ ಸಾರು ಇನ್ನೂ ಬೋಗುಣಿಯಲ್ಲಿತ್ತು. ಪರಸಪ್ಪ ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಡಿಸೈನು ನೋಡುತ್ತಿದ್ದ.

“ಆಯಿ,” ಎಂದಳು ಸಂಘಮಿತ್ರಾ ಅಜ್ಜಿಗೆ, “ಸತ್ತವರ ಜೋಡಿ ಜೀವ ಇದ್ದವ್ರು ಇರಬಾರದಂತ ನೀನs ಹೇಳಿದಿ. ಹಂಗಾರ ಕಾಕಾ ಯಾವಾಗ ಸತ್ತ?”



ರೇಷ್ಮಾಳೇ ಎದ್ದು ಮಗಳ ಕೆನ್ನೆಗೆ ಬಾರಿಸಿದಳು. ಅವಳು ಬಾರಿಸದಿದ್ದರೆ ಬೇರೆಯವರು ಬಾರಿಸುತ್ತಿದ್ದರು, ಆ ಪೆಟ್ಟು ಇದಕ್ಕಿಂತ ಜೋರಾಗಿರುತ್ತಿತ್ತು.

“ಹೊಡಿಬ್ಯಾಡ,” ಎಂದಳು ಲಗಮವ್ವ, ದನಿ ಏರಿಸದೆ. “ಕಲಿಸಿದ್ದನ್ನ ಆಡ್ತೈತಿ ಕೂಸು. ನೋಡವಾ, ಯುವರಾಜ ಬ್ಯಾರೆ ಚೌಕದಾಗ ಅದಾನ. ನಡುವ ಗೆರಿ ಐತಿ. ಅವ ಮುಟ್ಟಿಲ್ಲ. ನಿಮ್ಮವ್ವ ಮುಟ್ಟಿದ್ಲು.”

ಸಂಘಮಿತ್ರಾ ಅರ್ಧ ತತ್ತಿಯನ್ನು ತಾಟಿನಲ್ಲೇ ಬಿಟ್ಟು ಎದ್ದುಹೋದಳು. ಅದನ್ನು ರೇಷ್ಮಾ ಆಮೇಲೆ ತಿಂದಳು. ತಿನ್ನುವಾಗ ನಾಚಿಕೆಯೂ ಆಯಿತು, ಹಸಿವೂ ಇತ್ತು.

ಟೂರ್ನಮೆಂಟಿಗೆ ಇನ್ನೊಂದು ವಾರ ಇದ್ದಾಗ ಮುತ್ತಪ್ಪ ವಾಟ್ಸಾಪಿನಲ್ಲಿ ಇನ್ನೊಂದು ಆರ್ಡರ್ ಕಳಿಸಿದ. ಫ್ಲೆಕ್ಸ್ ಬೋರ್ಡಿನದು. ಅಂಥ ಡಿಸೈನನ್ನೂ ರೇಷ್ಮಾ ಮಾಡಿ ಮಹಾಲಿಂಗಪುರದ ಫ್ಲೆಕ್ಸ್ ಅಂಗಡಿಗೆ ಕಳಿಸುತ್ತಿದ್ದಳು. ‘ಯುವರಾಜ ಪರಸಪ್ಪ ಅವರ ಸಂಪರ್ಕ ಕಚೇರಿ’ ಎಂದಿತ್ತು. ಅಳತೆ ಹತ್ತು ಫೂಟು, ಮೂರು ಫೂಟು. ಕೆಳಗೆ ಸಣ್ಣಕ್ಷರದಲ್ಲಿ ವಿಳಾಸ: ಹಳೇ ಧರ್ಮಾ ಪ್ರಿಂಟ್ಸ್ ಜಾಗ, ಬನಹಟ್ಟಿ.

ಹಳೇ ಎನ್ನುವುದನ್ನು ಅವಳು ಎರಡು ಸಲ ಓದಿದಳು. ಎದ್ದುಹೋಗಿ ತನ್ನ ಅಂಗಡಿಯ ಬೋರ್ಡನ್ನು ಟೇಪು ಹಿಡಿದು ಅಳೆದಳು. ಹತ್ತು ಫೂಟು, ಮೂರು ಫೂಟು. ಟೇಪನ್ನು ಸುತ್ತಿ ಮೆಟ್ಟಿಲ ಮೇಲಿಟ್ಟಳು. ಆಮೇಲೆ ಒಳಗೆ ಹೋದಳು. ಪರಸಪ್ಪ ಶೇಂಗಾ ಸುಲಿಯುತ್ತಿದ್ದ. ಲಗಮವ್ವ ಜೋಳ ಹಸನು ಮಾಡುತ್ತಿದ್ದಳು. ಯುವರಾಜ ಕನ್ನಡಿಯ ಮುಂದಿದ್ದ.

“ಮಾವಾರ, ಅಂಗಡಿ ಮುಚ್ಚತೀರೇನ್ರೀ?”

ಪರಸಪ್ಪ ಶೇಂಗಾದಿಂದ ತಲೆ ಎತ್ತಲಿಲ್ಲ. “ನಿನ್ನ ಸಲುವಾಗೇ ಅಂದ್ವಿ ವಾ. ಒಬ್ಬಾಕಿ ಹೆಣ್ಣಮಗಳು ರೋಡಿನ ಮ್ಯಾಲ ಕೂತ್ರ ಮಂದಿ ಮಾತಾಡ್ತಾರ.”

“ಮಂದಿ ಆರ್ಡರ್ ಕೊಡ್ತಾರ್ರೀ. ಮಾತಾಡಿದ್ದು ನಾ ಕೇಳಿಲ್ಲ.”

“ನಿನ್ನ ಮುಂದ ಮಾತಾಡ್ತಾರೇನ?” ಎಂದಳು ಲಗಮವ್ವ.

ಯುವರಾಜ ಬಾಚಣಿಕೆ ಇಟ್ಟು ಬಂದ. “ವೈನಿ, ನಿಮಗೇನ ಕಡಿಮಿ ಮಾಡೇವಿ? ಉಣ್ಣಾಕ ಐತಿ, ಉಡಾಕ ಐತಿ. ಮಶೀನ್ ಮಾರಿ ಹುಡುಗಿ ಹೆಸರಿಲೆ ಇಡೋಣು.”

“ಮಶೀನ್ ನಮ್ಮ ತವರಿನವ್ರು ಕೊಟ್ಟಿದ್ದು.”

“ಕೊಟ್ಟಿದ್ದು ಅಣ್ಣಗ.”

“ಅಣ್ಣನ ಹೆಂಡ್ತಿಗೆ.”

“ಈಗ ಜಗಳಾ ಬ್ಯಾಡ,” ಎಂದ ಪರಸಪ್ಪ. “ಟೂರ್ನಮೆಂಟ್ ಮುಗೀಲಿ. ಅಲ್ಲಿತನಕಾ ಟಿ-ಶರ್ಟ್ ಕೆಲಸಾ ಮುಗಸವಾ. ಗಂಡನ ಕೆಲಸಾ ಅದು.”

ರೇಷ್ಮಾ ಅಡುಗೆಮನೆಗೆ ಹೋಗಿ ಹಿಟ್ಟು ನಾದಿದಳು. ಅಂದು ಸಂಜೆ ಅವಳು ಬಡಿದ ರೊಟ್ಟಿಯ ಸದ್ದು ಓಣಿಯ ಲೂಮಿನ ಸದ್ದನ್ನೂ ಮೀರಿ ಕೇಳಿಸಿತು. ರೊಟ್ಟಿ ಮಾತ್ರ ಎಂದಿನ ಹಾಗೆ ತೆಳ್ಳಗೆ, ದುಂಡಗೆ ಬಂದವು. ಎಲ್ಲರೂ ಎಂದಿನಷ್ಟೇ ತಿಂದರು.

ಮರುದಿನ ಅವಳು ಪೆನ್‌ಡ್ರೈವ್ ಸೆರಗಿಗೆ ಗಂಟು ಹಾಕಿಕೊಂಡು ಜಮಖಂಡಿಯ ಬಸ್ಸು ಹತ್ತಿದಳು. ಫಿಲ್ಮಿನ ಮೇಲೆ ಅಚ್ಚು ಹಾಕುವ ಅಂಗಡಿ ಮೃಣ್ಮಯಿಯದು. ಇಬ್ಬರೂ ಒಟ್ಟಿಗೆ ಕಂಪ್ಯೂಟರ್ ಕಲಿತವರು. ಮೃಣ್ಮಯಿಯ ಮನೆಯಲ್ಲಿ ಮರಾಠಿ ಮಾತು, ಅಂಗಡಿಯಲ್ಲಿ ಕನ್ನಡ, ಮಶೀನು ಕೆಟ್ಟಾಗ ಎರಡೂ.

ಫೈಲು ತೆರೆದು ಅವಳು ಕನ್ನಡಕ ಮೇಲೇರಿಸಿದಳು. “ರೇಷ್ಮಾ, ಕಟಿಂಗ್ ತಪ್ಪ್ಯದ ನೋಡು. ಭುಜದ ಮ್ಯಾಲ ಯಾರದೋ ಕೈ ಉಳದದ.”

“ಉಳೀಲಿ.”

“ಗಿರಾಕಿ ಒಪ್ಪಿದ್ದು ಇದನ್ನೇ ಏನು?”

“ಒಪ್ಪಿದ್ದು ಬ್ಯಾರೆ.”

ಮೃಣ್ಮಯಿ ಪರದೆ ನೋಡಿದಳು, ಗೆಳತಿಯ ಕೈ ನೋಡಿದಳು. ಮಶೀನಿಗೆ ಫಿಲ್ಮು ಬಿಟ್ಟಳು. ಉದ್ದನೆಯ ಹಾಳೆಯ ಮೇಲೆ ಧರ್ಮರಾಜ ಒಬ್ಬನ ಹಿಂದೆ ಒಬ್ಬನಾಗಿ ಹೊರಬಂದ, ಕೆಳಗಿನ ಚೌಕದಲ್ಲಿ ಕೈಮುಗಿದ ಯುವರಾಜ, ಪ್ರತಿ ಸಲ ಅಣ್ಣನ ಭುಜದ ಮೇಲೆ ನಾಲ್ಕು ಹಸಿರು ಬೆರಳು. ಕಟ್ಟಿ ಕೊಡುವಾಗ ಮೃಣ್ಮಯಿ ಹೇಳಿದಳು: “ನನಗ ಆರ್ಟ್‌ವರ್ಕಿಗೆ ಒಬ್ಬರು ಬೇಕಾಗ್ಯಾರ. ಪಗಾರ ದೊಡ್ಡದಲ್ಲ. ಮಶೀನ್ ಇದ್ರ ತಗೊಂಡs ಬಾ, ಜಾಗಾ ಅದ. ಟೆಂಪೋ ನಾ ಕಳಸ್ತೀನಿ.”

ರೇಷ್ಮಾ ಫಿಲ್ಮಿನ ಕಟ್ಟು ಹಿಡಿದು ಬಸ್ಸು ಹತ್ತಿದಳು. ಟೂರ್ನಮೆಂಟಿನ ಮುನ್ನಾದಿನ ಎಲ್ಲ ಅಂಗಿಗಳನ್ನು ಅವಳೇ ಒತ್ತಿದಳು. ಪ್ರತಿ ಅಂಗಿಯ ಮೇಲೆ ತೆಳು ಕಂದು ಹಾಳೆ ಹಾಸಿ, ತಟ್ಟೆ ಇಳಿಸಿ, ಎತ್ತಿ, ಆರಲು ಬಿಟ್ಟು, ಫಿಲ್ಮು ಎಳೆದಳು. ಸಂಘಮಿತ್ರಾ ಮಡಚಿ, ಬೆನ್ನಿನ ಕಡೆ ಮೇಲಾಗಿ ಇಟ್ಟು ಕಟ್ಟಿದಳು. ಕೈಯನ್ನು ಅವಳೂ ನೋಡಿದ್ದಳು. 

ಮುಂಜಾನೆ ಯುವರಾಜ ಬಿಳಿ ಅಂಗಿ ಹಾಕಿಕೊಂಡು ಮುತ್ತಪ್ಪನ ಜೊತೆ ಮುಂದಿನ ಕೋಣೆಗೆ ಬಂದು ಗಂಟು ಬಿಚ್ಚಿದ.

“ವೈನಿ! ಏನಿದು?”

“ನನ್ನ ಕೈ.”

“ತಗದಿದ್ರೆಲ್ಲ! ನಾ ಪಾಸ್ ಮಾಡಿದ್ದು ಇದಲ್ಲ!”

“ಅಲ್ಲ.”

ಗದ್ದಲ ಕೇಳಿ ಲಗಮವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅಂಗಿ ನೋಡಿದಳು. “ಸತ್ತ ಗಂಡನ ಭುಜದ ಮ್ಯಾಲ ಕೈ ಇಟ್ಟು ಊರಿಗೆಲ್ಲಾ ತೋರಸ್ತೀ? ನಾಚಿಕಿ ಇಲ್ಲ ನಿನಗ?”

“ಗಂಡನ ಭುಜ ಅತ್ತಿ. ಮಂದೀದಲ್ಲ.”

“ನಮ್ಮ ಮಾನಾ ಕಳೀಬೇಕಂತs ಮಾಡೀರಿ,” ಎಂದು ಕೂಗಿದ ಯುವರಾಜ. ಅವನಿಗೆ ಉಪಾಯವೊಂದು ಹೊಳೆಯಿತು. ಟೋಪಿಗಳಿಗೆ ಒತ್ತಿ ಮಿಕ್ಕ ಅವನ ಮುಖಗಳು ಫಿಲ್ಮಿನ ಸಮೇತ ಮೇಜಿನ ಮೇಲಿದ್ದವು. ಅಂಗೈಯಷ್ಟು ಮುಖ, ಕೈ ಮುಚ್ಚಲು ಸಾಕು. ಮಶೀನಿನ ಸ್ವಿಚ್ ಒತ್ತಿ, ಬೇಗ ಕಾಯಲಿ ಎಂದು ಕಾವನ್ನು ಕೊನೆಯತನಕ ತಿರುವಿದ.

“ಅಷ್ಟ ಕಾವು ಬ್ಯಾಡ,” ಎಂದಳು ರೇಷ್ಮಾ. ಎಷ್ಟೆಂದರೂ ಅವಳು ಕೆಲಸದವಳು, ಬಾಯಿ ತಡೆಯಲಿಲ್ಲ. “ಮ್ಯಾಲ ಹಾಳಿ ಹಾಸ…”

“ನೀವೊಂದು ಮಾತಾಡಬ್ಯಾಡ್ರಿ! ಕಲಿಸಿದ್ದು ಸಾಕು!”

ರೇಷ್ಮಾ ಹಿಂದೆ ಸರಿದಳು. ಗೋಡೆಗೆ ಒರಗಿ ನಿಂತಳು. ಈಗ ಏನಾಗುತ್ತದೆ ಎನ್ನುವುದು ಅವಳೊಬ್ಬಳಿಗೆ ಗೊತ್ತಿತ್ತು. ಆದರೂ ಸುಮ್ಮನೆ ನಿಂತಳು, ನಿಲ್ಲುವುದರಲ್ಲಿ ಒಂದು ಕೆಟ್ಟ ಸುಖವೂ ಇತ್ತು.

ಯುವರಾಜ ಕೆಳಗಿನ ತನ್ನ ಚೌಕ ಹೊರಗುಳಿಯುವಂತೆ ಅಂಗಿ ಹಾಸಿ, ಅಣ್ಣನ ಭುಜದ ಮೇಲೆ ತನ್ನ ಮುಖವಿಟ್ಟು ತಟ್ಟೆ ಇಳಿಸಿ, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಎತ್ತಿದ. ಆರುವ ಮೊದಲೇ ಫಿಲ್ಮಿನ ತುದಿ ಹಿಡಿದು ಎಳೆದ. ಅವನ ಮುಖ ಅಂಗಿಗೆ ಕೂರದೆ ಫಿಲ್ಮಿನ ಜೊತೆಗೇ ಎದ್ದು ಬಂತು. ಫಿಲ್ಮಿನ ಮರೆಯಲ್ಲಿದ್ದ ಕೈ ಮಾತ್ರ ಇದ್ದಲ್ಲೇ ಇತ್ತು, ನಾಲ್ಕು ಹಸಿರು ಬೆರಳು, ಏನೂ ಆಗದೆ. ಹಾಳೆಯ ಮರೆ ಇಲ್ಲದ ಧರ್ಮರಾಜನ ಮುಖ ಕರಗಿ ಎದ್ದು, ಮೇಲಿನ ಕಾದ ತಟ್ಟೆಗೆ ಹತ್ತಿಕೊಂಡಿತ್ತು. ಅಂಗಿಯ ಮೇಲೆ ಬರೀ ಕಲೆ. ತಟ್ಟೆಯ ಮೇಲೆ ಅವನು ಎಡ ಬಲ ಅದಲುಬದಲಾಗಿ, ಅದೇ ನಗುಮುಖದಿಂದ ಕೆಳಗೆ ನೋಡುತ್ತಿದ್ದ.

ಲಗಮವ್ವ ಬಗ್ಗಿ ನೋಡಿ ಕಿರುಚಿದಳು. ವರ್ಷದ ಹಿಂದೆ ಆಸ್ಪತ್ರೆಯ ಬಾಗಿಲಲ್ಲಿ ಕಿರುಚಿದ ಹಾಗೆಯೇ ಕಿರುಚಿದಳು. ಪರಸಪ್ಪ ಬಂದವನು ಹೊಸಲಿನಲ್ಲೇ ಕುಸಿದು ಕೂತ.

“ಅತಿಥಿಗಳು ಬಂದಾರ್ಲೇ ಯುವರಾಜ,” ಎಂದ ಮುತ್ತಪ್ಪ ಫೋನು ನೋಡುತ್ತಾ. “ಟೈಮ್ ಇಲ್ಲ. ಇದ್ದದ್ದನ್ನ ಹಂಗs ಒಯ್ಯೂಣು.”

ಹಾಗೇ ಒಯ್ದರು. ರೇಷ್ಮಾ ಹೋಗಲಿಲ್ಲ. ಮೈದಾನದ ಮೈಕಿನಲ್ಲಿ ಅವಳ ಗಂಡನ ಹೆಸರು ಒಮ್ಮೆ, ಮೈದುನನ ಹೆಸರು ಹಲವು ಸಲ ಕೇಳಿಸಿತು. ಸಂಜೆ ಸಂಘಮಿತ್ರಾ ಬಂದಾಗ ತಾಯಿ ತಡೆಯಲಾರದೆ ಕೇಳಿದಳು: “ಮಂದಿ ಏನಂದ್ರ?”

“ಯಾರೂ ನೋಡಲಿಲ್ಲವ್ವ. ಎಲ್ಲಾರೂ ಬಾಲ್ ನೋಡಾಕತ್ತಿದ್ರು.”

ರೇಷ್ಮಾ ನಗಲು ಹೋದಳು, ಆಗಲಿಲ್ಲ. ಅಷ್ಟೊಂದು ಎದೆಗಳ ಮೇಲೆ ಕೂತು ಹೋದ ಕೈ, ಒಬ್ಬರಿಗೂ ಕಾಣದೆ ಮನೆಗೆ ಬಂದಿತ್ತು. ಫೋನು ತೆಗೆದು ಮೃಣ್ಮಯಿಗೆ ಹೇಳಿದಳು: “ನಾಳೆ ಟೆಂಪೋ ಕಳಸು.”

ಮುಂಜಾನೆ ಅವಳು ರೊಟ್ಟಿ ಬಡಿದಿಟ್ಟು ಮುಂದಿನ ಕೋಣೆಗೆ ಬಂದಾಗ ಮಶೀನಿನ ಮುಂದೆ ಲಗಮವ್ವ ಕೂತಿದ್ದಳು. ತಟ್ಟೆ ಎತ್ತಿಯೇ ಇತ್ತು. ಕೆಳಗೆ ಒಂದು ಬಟ್ಟಲಲ್ಲಿ ಎಣ್ಣೆದೀಪ, ಎರಡು ಸೇವಂತಿಗೆ ಹೂ.

“ಬಾಜೂಕ ಸರೀರಿ ಅತ್ತಿ. ಮಶೀನ್ ಜಮಖಂಡಿಗೆ ಹೊಂಟೈತಿ. ನಾ ದಿನಾ ಬಸ್ಸಿಗೆ ಹೋಗಿ ಬರ್ತೇನಿ. ರೊಟ್ಟಿ ಮಾಡಿಟ್ಟs ಹೋಗ್ತೇನಿ.”

“ಇದ್ರಾಗ ನನ್ನ ಮಗ ಅದಾನ.”

“ಅದು ಬಣ್ಣರೀ. ಒರಸಬೇಕು.”

ಲಗಮವ್ವ ಸೊಸೆಯ ಎರಡೂ ಕೈ ಹಿಡಿದುಕೊಂಡಳು. ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ಹಾಗೆ ಹಿಡಿದಿರಲಿಲ್ಲ. “ಒರಸಬ್ಯಾಡವಾ. ನಿನ್ನ ಕಾಲ ಬೀಳ್ತೇನಿ. ಅಂಗಡಿ ನೀನs ಇಟ್ಕೋ. ಕಚೇರಿ ಬ್ಯಾಡಂತ ಯುವರಾಜಗ ನಾ ಹೇಳ್ತೇನಿ. ಅವರಪ್ಪಗೂ ಹೇಳ್ತೇನಿ. ಈ ಖೋಲಿ ನಿಂದು. ಇದೊಂದ ಒರಸಬ್ಯಾಡ.”

ಹೊಸಲಿಗೆ ಬಂದು ನಿಂತಿದ್ದ ಪರಸಪ್ಪ ಇಲ್ಲ ಅನ್ನಲಿಲ್ಲ. ಒಳಗಿನಿಂದ ಯುವರಾಜನೂ ಕೆಮ್ಮಲಿಲ್ಲ. ವಾರದ ಹಿಂದೆ ಈ ಮಾತಿಗಾಗಿ ರೇಷ್ಮಾ ಏನು ಬೇಕಾದರೂ ಕೊಡುತ್ತಿದ್ದಳು.

“ಇದನ್ನ ಇಟ್ಕೊಂಡು ಅಂಗಡಿ ಹ್ಯಾಂಗ ಮಾಡ್ಲಿ ಅತ್ತಿ? ಯಾವ ಅಂಗಿ ಇಟ್ರೂ ಅವನ ಕಲಿ ಹತ್ತತೈತಿ.”

“ಹತ್ಲಿ,” ಎಂದಳು ಲಗಮವ್ವ.

ಹೊರಗೆ ಟೆಂಪೋ ಬಂದು ಹಾರ್ನ್ ಹಾಕಿತು. ರೇಷ್ಮಾ ಕೈ ಬಿಡಿಸಿಕೊಂಡು ದೀಪವನ್ನು ಪಕ್ಕಕ್ಕಿಟ್ಟಳು, ಹೂಗಳನ್ನು ಅತ್ತೆಯ ಉಡಿಯಲ್ಲಿ ಹಾಕಿದಳು. ಮಶೀನು ಹಚ್ಚಿದಳು. ತಣ್ಣಗಿದ್ದಾಗ ಒರೆಸಿದರೆ ಬರುವುದಿಲ್ಲ, ತುಸು ಕಾಯಬೇಕು. ಕಾದ ಮೇಲೆ ಹಳೇ ಬಟ್ಟೆಯನ್ನು ಉಂಡೆ ಮಾಡಿ ಹಣೆಯಿಂದ ಶುರು ಮಾಡಿದಳು. ಹುಬ್ಬು ಎಳೆದುಹೋಯಿತು. ಮೂಗು ಕೆನ್ನೆಯ ಮೇಲೆ ಬಂತು. ನಗು ಕೊನೆಯತನಕ ಹಟ ಮಾಡಿತು, ಎರಡು ಸಲ ಒತ್ತಿ ತಿಕ್ಕಬೇಕಾಯಿತು.

ಲಗಮವ್ವ ಆ ಬಟ್ಟೆಯನ್ನು ಕಿತ್ತುಕೊಂಡು ಎದೆಗೊತ್ತಿ ಹಿಡಿದಳು.

ಒರೆಸಿದ ಮೇಲೆ ಬಿಳಿ ಚಿಂದಿ ಇಟ್ಟು ಒತ್ತಿ ನೋಡಬೇಕು, ಕಲೆ ಉಳಿದಿದೆಯೋ ಇಲ್ಲವೋ ಎಂದು. ಕಲಿಸಿದ್ದು ಧರ್ಮರಾಜನೇ. ಮೊದಲ ಚಿಂದಿಯ ಮೇಲೆ ಮಸುಕಾಗಿ ಹುಬ್ಬಿನಂಥದೊಂದು ಗೆರೆ ಬಂತು. ರೇಷ್ಮಾ ಮತ್ತೆ ಒರೆಸಿ ಇನ್ನೊಂದು ಇಟ್ಟಳು. ಅದು ಬೆಳ್ಳಗೆ ಬಂತು. ಎರಡೂ ಮಗ್ಗಲು ತಿರುವಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಏನೂ ಇರಲಿಲ್ಲ. ಆಗ ಆ ಚಿಂದಿಯನ್ನೇ ಮುಖಕ್ಕೆ ಒತ್ತಿಕೊಂಡು ಅವಳು ಅತ್ತಳು, ಸದ್ದು ಮಾಡಿ, ಹಿಡಿತವಿಲ್ಲದೆ.

“ಈಗ ಯಾಕ ಅಳ್ತೀ?” ಎಂದಳು ಲಗಮವ್ವ. “ಒರಸಿದಾಕಿ ನೀನs.”